ಗೋಡೆಗೊರಗಿದ ಸೈಕಲ್ಲು

ಹೈಸ್ಕೂಲು ಮುಗಿಯುವವರೆಗೆ ಮನೆಯ ಮಗನಿಗಾಗಲಿ ಮಗಳಿಗಾಗಲಿ ಪ್ರಾಣಪ್ರಿಯವಾಗಿದ್ದ ಸೈಕಲ್ಲು, ಹದಿನೆಂಟು ವರ್ಷ ತುಂಬಿ ಮೋಟಾರು ವಾಹನದ ಪರವಾನಗಿ ಕೈಗೆ ಬಂದ ದಿನ ಹಿತ್ತಲ ಗೋಡೆಗೆ ಒರಗುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗಾಗಿ ಚೈನಿಗೆ ತುಕ್ಕು ಹಿಡಿಯುತ್ತದೆ. ಎರಡನೆಯ ವರ್ಷ ಟೈರು ಬಿರಿಯುತ್ತದೆ. ಮೂರನೆಯ ವರ್ಷ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋಗುತ್ತಾನೆ. ಇದನ್ನು ಯಾರೂ ನಷ್ಟವೆಂದು ಎಣಿಸುವುದಿಲ್ಲ. ಹುಡುಗ ದೊಡ್ಡವನಾದನೆಂದೇ ಎಲ್ಲರ ಭಾವನೆ. ಈ ಭಾವನೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸೈಕಲ್ಲಿನ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ಬಗೆಯ ತಿಳಿವಳಿಕೆಗಳು ಬೇರೂರಿವೆ. ಅದು ಬಡವರ ವಾಹನ, ಬೇರೆ ಗತಿಯಿಲ್ಲದವರು ತುಳಿಯತಕ್ಕದ್ದು ಎಂಬುದು ಮೊದಲನೆಯದು, ಇದು ಹಳೆಯದು. ಎರಡನೆಯದು ಈಚಿನದು. ಭಾನುವಾರ ಬೆಳಗಿನ ಜಾವದಲ್ಲಿ ನಗರಗಳಿಂದ ಹೊರಡುವ ಸವಾರರ ತಂಡಗಳನ್ನೂ, ಅವರ ಬಿಗಿಯಾದ ಬಣ್ಣದ ಉಡುಪುಗಳನ್ನೂ, ಒಂದು ಬೆರಳಿನಿಂದ ಎತ್ತಬಹುದೆನ್ನಿಸುವಷ್ಟು ಹಗುರವಾದ, ಬೆಲೆ ಕೇಳಿದರೆ ಬೆರಗಾಗುವ ಅವರ ವಾಹನಗಳನ್ನೂ ಕಂಡವರು, ಇದು ಹಣವುಳ್ಳವರ ಶೋಕಿ ಎಂದು ದೂರ ಸರಿಯುತ್ತಾರೆ. ಹೀಗೆ ಒಬ್ಬನು ಸೈಕಲ್ಲನ್ನು ಅಗ್ಗವೆಂದು ಬಿಡುತ್ತಾನೆ. ಮತ್ತೊಬ್ಬನು ತುಟ್ಟಿಯೆಂದು ಬಿಡುತ್ತಾನೆ. ಇಬ್ಬರೂ ಅದನ್ನು ಅಳೆದದ್ದು ಬೆಲೆಯಿಂದಲೇ.

ವಿದ್ಯಾರ್ಥಿಯಾದವನು ಅಳೆಯಬೇಕಾದ ಕೋಲು ಬೇರೆ. ಇಂದು ನಮ್ಮನ್ನು ಸುತ್ತುವರಿದಿರುವ ಯಂತ್ರಗಳಲ್ಲಿ ಬಹುಪಾಲು ಮುಚ್ಚಿದ ಪೆಟ್ಟಿಗೆಗಳು. ಕೈಯಲ್ಲಿ ಹಿಡಿದ ದೂರವಾಣಿಯನ್ನಾಗಲಿ, ಮನೆಯ ಮುಂದೆ ನಿಂತ ಸ್ಕೂಟರನ್ನಾಗಲಿ ಬಿಚ್ಚಿ, ಅದರ ಪ್ರತಿಯೊಂದು ಅಂಗದ ಕೆಲಸವನ್ನು ಕಣ್ಣಾರೆ ಕಂಡು, ಮತ್ತೆ ಕೂಡಿಸಿ ನಡೆಸುವುದು ಹದಿನೇಳು ವರ್ಷದ ವಿದ್ಯಾರ್ಥಿಗೆ ಸಾಧ್ಯವಾಗದು. ಸೈಕಲ್ಲೊಂದು ಮಾತ್ರ ಏನನ್ನೂ ಬಚ್ಚಿಡುವುದಿಲ್ಲ. ಸನ್ನೆ, ಚಕ್ರ, ಅಚ್ಚು, ಹಲ್ಲುಚಕ್ರ, ಘರ್ಷಣೆ, ಗಾಳಿಯ ಒತ್ತಡ ಎಲ್ಲವೂ ಅಲ್ಲಿ ಬಯಲಿನಲ್ಲಿವೆ. ಮಿಗಿಲಾಗಿ, ಆ ಯಂತ್ರಕ್ಕೆ ಎಂಜಿನ್ನು ಸವಾರನೇ. ಭೌತಶಾಸ್ತ್ರದ ನಿಯಮಗಳನ್ನು ತನ್ನ ತೊಡೆಯ ಸ್ನಾಯುಗಳಿಂದಲೇ ಅರಿಯಬಲ್ಲ ಪ್ರಯೋಗಶಾಲೆ ಇದರಂತಹುದು ಇನ್ನೊಂದಿಲ್ಲ.

ನಮಗೆ ಈ ಮಾತು ಮನದಟ್ಟಾದುದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಗೆಳೆಯರೊಡನೆ ಬೆಂಗಳೂರಿನ ಉತ್ತರಕ್ಕಿರುವ ನಂದಿಬೆಟ್ಟಕ್ಕೆ ಸೈಕಲ್ಲಿನಲ್ಲಿ ಹೋಗಿದ್ದೆವು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರು ಎತ್ತರದಲ್ಲಿದೆ. ಬುಡದಿಂದ ಹತ್ತುವ ದಾರಿ ಏಳೆಂಟು ಕಿಲೋಮೀಟರು. ಅಷ್ಟು ದೂರದಲ್ಲಿ ಸುಮಾರು 400 ಮೀಟರು ಮೇಲೇರಬೇಕು. ಹತ್ತುವುದು ಹೇಗೋ ಆಯಿತು. ಇಳಿಯುವಾಗ ವೇಗಕ್ಕೆ ಅಂಜಿ, ಮೇಲಿನಿಂದ ಹಿಡಿದ ಬ್ರೇಕನ್ನು ಬಿಡದೆ ಹಿಡಿದುಕೊಂಡೇ ಬಂದೆವು. ಅರ್ಧ ದಾರಿಯ ಹೊತ್ತಿಗೆ ಸುಟ್ಟ ರಬ್ಬರಿನ ವಾಸನೆ ಬಂದಿತು. ಎಷ್ಟು ಒತ್ತಿದರೂ ವೇಗ ಮೊದಲಿನಂತೆ ತಗ್ಗಲಿಲ್ಲ. ಪುಣ್ಯಕ್ಕೆ ಮುಂದಿನ ತಿರುವಿಗೆ ಮೊದಲು ದಾರಿ ತುಸು ಸಮವಾಗಿದ್ದಿತು, ಕಾಲೂರಿ ನಿಂತೆವು. ಏನಾಯಿತೆಂದು ತಿಳಿಯದೆ ಚಕ್ರದ ರಿಮ್ಮನ್ನು ಮುಟ್ಟಿದರೆ ಬೆರಳು ಚುರುಕ್ಕೆಂದಿತು.

ಮನೆಗೆ ಬಂದು ಲೆಕ್ಕ ಹಾಕಿದೆವು. ಸವಾರ ಮತ್ತು ಸೈಕಲ್ಲು ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು 400 ಮೀಟರು ಎತ್ತಲು ಬೇಕಾದ ಕೆಲಸ 80 × 9.8 × 400, ಅಂದರೆ ಸುಮಾರು 3,14,000 ಜೂಲ್. ಹತ್ತಿದವನಲ್ಲಿ ಈ ಶಕ್ತಿ ಸ್ಥಾನಶಕ್ತಿಯಾಗಿ ಕೂಡಿರುತ್ತದೆ. ಇಳಿಯುವಾಗ ಅದು ಎಲ್ಲಿಗಾದರೂ ಹೋಗಲೇಬೇಕು. ಒಂದು ಪಾಲನ್ನು ಗಾಳಿ ಕಸಿದುಕೊಳ್ಳುತ್ತದೆ. ನಿಧಾನವಾಗಿ ಇಳಿದಷ್ಟೂ ಆ ಪಾಲು ಕಡಮೆಯಾಗಿ, ಉಳಿದುದೆಲ್ಲ ಬ್ರೇಕಿನಲ್ಲಿ ಉಷ್ಣವಾಗುತ್ತದೆ. 25 ಡಿಗ್ರಿಯ ಒಂದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಕ್ತಿ ಬೇಕೋ ಹೆಚ್ಚು ಕಡಮೆ ಅಷ್ಟೇ ಶಕ್ತಿ ಅದು. ಒಂದು ಪಾತ್ರೆ ಕುದಿನೀರಿನ ಕಾವನ್ನು ನಾವು ಎರಡು ತೆಳ್ಳನೆಯ ರಿಮ್ಮುಗಳಿಗೂ ನಾಲ್ಕು ರಬ್ಬರಿನ ತುಂಡುಗಳಿಗೂ ಹೊರಿಸಿದ್ದೆವು! ಬ್ರೇಕನ್ನು ಸತತವಾಗಿ ಸವರುತ್ತ ಬರುವ ಬದಲು, ತಿರುವಿಗೆ ಮೊದಲು ಎರಡು ಬ್ರೇಕುಗಳನ್ನೂ ಸೇರಿಸಿ ಹಿಡಿದು, ಬಳಿಕ ಬಿಟ್ಟು ರಿಮ್ಮಿಗೆ ಗಾಳಿಯಾಡಲು ಎಡೆಗೊಡಬೇಕಾಗಿತ್ತು. ಶಕ್ತಿ ನಾಶವಾಗುವುದಿಲ್ಲವೆಂಬ ನಿಯಮವನ್ನು ಪರೀಕ್ಷೆಯಲ್ಲಿ ಅನೇಕ ಸಾರಿ ಬರೆದು ಅಂಕ ಗಳಿಸಿದ್ದೆವು. ಆ ನಿಯಮ ಬೆರಳಿಗೆ ತಾಕಿದ್ದು ಅಂದೇ ಮೊದಲು.

ಇದೇ ಪಾಠವನ್ನು ಇದಕ್ಕೂ ಮೊದಲು ಬೇರೊಂದು ದೇಶದ ತರುಣರು ಕಲಿತಿದ್ದರು. ಅವರಿಂದ ಒಂದು ಹೊಸ ಬಗೆಯ ಸೈಕಲ್ಲೇ ಹುಟ್ಟಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮರಿನ್ ಕೌಂಟಿ ಎಂಬ ಬೆಟ್ಟಗಾಡು ಸೀಮೆಯುಂಟು. ಅಲ್ಲಿಯ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಮಣ್ಣಿನ ದಾರಿಯೊಂದು ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರದಲ್ಲಿ ಸುಮಾರು 400 ಮೀಟರು ಇಳಿಯುತ್ತದೆ. ನಂದಿಯ ಎತ್ತರವೇ, ಆದರೆ ಅರ್ಧಕ್ಕೂ ಕಡಮೆ ದೂರದಲ್ಲಿ! 1970ರ ದಶಕದಲ್ಲಿ ಅಲ್ಲಿನ ಕೆಲವರು ತರುಣರು, ಮೂವತ್ತು ನಲವತ್ತು ವರ್ಷ ಹಳೆಯದಾದ, ಅಗಲ ಟೈರಿನ ದಪ್ಪ ಸೈಕಲ್ಲುಗಳನ್ನು ಕಡಮೆ ಬೆಲೆಗೆ ಕೊಂಡು ಈ ದಾರಿಯಲ್ಲಿ ಇಳಿಯತೊಡಗಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಗುಂಬದೊಳಗೆ ಹಿಡಿಯುವ ಬ್ರೇಕು ಅವುಗಳಿಗಿದ್ದಿತು. ಒಂದು ಸಾರಿ ಇಳಿಯುವಷ್ಟರಲ್ಲಿ ಗುಂಬದ ಗ್ರೀಸೆಲ್ಲ ಕಾದು ಹೊಗೆಯಾಗಿ ಹೋಗುತ್ತಿತ್ತು. ಪುನಃ ಗ್ರೀಸು ತುಂಬದೆ ಇನ್ನೊಮ್ಮೆ ಇಳಿಯುವಂತಿರಲಿಲ್ಲ. ಆದುದರಿಂದ ಆ ದಾರಿಗೆ 'ರಿಪ್ಯಾಕ್', ಎಂದರೆ 'ಮತ್ತೆ ತುಂಬು', ಎಂದೇ ಹೆಸರಾಯಿತು. ಅಲ್ಲಿ ಮೊದಲನೆಯ ಪಂದ್ಯ ನಡೆದುದು 1976ರ ಅಕ್ಟೋಬರ್ 21ರಂದು. ಅವರು ಹಳೆಯ ಚೌಕಟ್ಟಿಗೆ ಗೇರುಗಳನ್ನು ಕಟ್ಟಿದರು. ಬಲವಾದ ಬ್ರೇಕುಗಳನ್ನು ಜೋಡಿಸಿದರು. 1977ರಲ್ಲಿ ಜೋ ಬ್ರೀಜ್ ಎಂಬ ತರುಣ ಈ ಸವಾರಿಗೆಂದೇ ಹೊಸ ಚೌಕಟ್ಟನ್ನು ಬೆಸೆದನು. ಇಂದು ನಾವು ಮೌಂಟನ್ ಬೈಕು ಎನ್ನುವುದು ಹುಟ್ಟಿದ್ದು ಹೀಗೆ. 1996ರ ಹೊತ್ತಿಗೆ ಅದು ಒಲಿಂಪಿಕ್ ಕ್ರೀಡೆಯಾಗಿತ್ತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ತರುಣರಿಗೆ ಬೇಕಾದ ಸೈಕಲ್ಲು ಯಾವ ಅಂಗಡಿಯಲ್ಲಿಯೂ ಇರಲಿಲ್ಲ. ತಮ್ಮಲ್ಲಿದ್ದುದು ಏಕೆ ಕೆಡುತ್ತದೆಂಬುದನ್ನು ತಿಳಿದು, ಬೇಕಾದುದನ್ನು ಅವರೇ ಮಾಡಿಕೊಂಡರು. ಸೈಕಲ್ಲಿನ ಚರಿತ್ರೆಯಲ್ಲಿ ಇದು ಹೊಸತೂ ಅಲ್ಲ. 1817ರಲ್ಲಿ ಜರ್ಮನಿಯ ಮನ್‌ಹೈಮ್ ನಗರದಲ್ಲಿ ಕಾರ್ಲ್ ಫೊನ್ ಡ್ರೈಸ್ ಓಡಿಸಿದ ಎರಡು ಚಕ್ರದ ಮರದ ಬಂಡಿಗೆ ಪೆಡಲೇ ಇರಲಿಲ್ಲ. ನೆಲವನ್ನು ಒದ್ದು ಸಾಗಬೇಕಾಗಿತ್ತು. ಸಮನಾದ ಚಕ್ರಗಳನ್ನೂ ಹಿಂಚಕ್ರಕ್ಕೆ ಚೈನನ್ನೂ ಹೊಂದಿದ 'ರೋವರ್' ಸೈಕಲ್ಲು ಜಾನ್ ಕೆಂಪ್ ಸ್ಟಾರ್ಲಿಯ ಕೈಯಿಂದ ಬಂದುದು 1885ರಲ್ಲಿ. ಗಾಳಿ ತುಂಬಿದ ಟೈರಿಗೆ 1888ರಲ್ಲಿ ಹಕ್ಕುಪತ್ರ ಪಡೆದ ಜಾನ್ ಬಾಯ್ಡ್ ಡನ್‌ಲಪ್ ವೃತ್ತಿಯಿಂದ ಪಶುವೈದ್ಯ. ತನ್ನ ಮಗನ ಮೂರುಚಕ್ರದ ಸೈಕಲ್ಲು ಕುಲುಕಾಡದಂತೆ ಮಾಡಹೊರಟವನು. ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಡೇಟನ್ ನಗರದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದುದನ್ನು ಎಲ್ಲರೂ ಬಲ್ಲರು. 1901ರಲ್ಲಿ ಅವರು ಸೈಕಲ್ಲಿನ ಹ್ಯಾಂಡಲಿನ ಮೇಲೆ ಅಡ್ಡಡ್ಡಲಾಗಿ ಇನ್ನೊಂದು ಚಕ್ರವನ್ನು ಕಟ್ಟಿ, ಅದರ ಅಂಚಿಗೆ ರೆಕ್ಕೆಯ ಮಾದರಿಯನ್ನು ನಿಲ್ಲಿಸಿ, ಗಾಳಿಗೆ ಎದುರಾಗಿ ತುಳಿದು ಪ್ರಯೋಗ ಮಾಡಿದರೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. 1903ರ ಅವರ ವಿಮಾನದಲ್ಲಿ ಪಂಖಗಳನ್ನು ತಿರುಗಿಸಿದುದೂ ಚೈನು ಮತ್ತು ಹಲ್ಲುಚಕ್ರಗಳೇ.

ಹಾಗಾದರೆ ಸಾಮಾನ್ಯ ಸೈಕಲ್ಲಿನಿಂದ ನಾವು ಏನನ್ನು ಕಲಿಯಬಹುದು? ಮೊದಲು ಗೇರಿನ ಗುಟ್ಟು. ನಿಮ್ಮ ಸೈಕಲ್ಲಿನ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನೂ ಹಿಂದಿನದರ ಹಲ್ಲುಗಳನ್ನೂ ಎಣಿಸಿರಿ. ಮುಂದೆ 44, ಹಿಂದೆ 18 ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ಲು ಐದು ಮೀಟರಿಗೂ ಮಿಕ್ಕು ಮುಂದೆ ಹೋಗುತ್ತದೆ. ಸಮತಲದಲ್ಲಿ ಇದು ಲಾಭವೇ. ಏರಿನಲ್ಲಿ ಇದೇ ಶಿಕ್ಷೆ. ಹಿಂದಿನ ಹಲ್ಲುಚಕ್ರವೂ ಮುಂದಿನದರಷ್ಟೇ ದೊಡ್ಡದಾದರೆ ಒಂದು ಸುತ್ತಿಗೆ ಎರಡು ಮೀಟರಷ್ಟೇ ಸಾಗಿದರೂ ಕಾಲಿಗೆ ಬೀಳುವ ಭಾರ ಅರ್ಧಕ್ಕೂ ಕಡಮೆಯಾಗುತ್ತದೆ. ಗೇರು ಶಕ್ತಿಯನ್ನು ಉತ್ಪತ್ತಿ ಮಾಡುವುದಿಲ್ಲ; ಬಲವನ್ನೂ ದೂರವನ್ನೂ ಒಂದಕ್ಕೊಂದು ಬದಲಾಯಿಸಿಕೊಡುವ ವ್ಯಾಪಾರಿ ಅದು. ನಂದಿಯನ್ನು ನಲವತ್ತು ನಿಮಿಷಗಳಲ್ಲಿ ಹತ್ತುವವನು ಯಾವ ಗೇರಿನಲ್ಲಿ ಹತ್ತಿದರೂ ಭಾರವನ್ನೆತ್ತಲೆಂದೇ ಸುಮಾರು 130 ವಾಟು ಸಾಮರ್ಥ್ಯವನ್ನು ಕೊಡಬೇಕು. ಸ್ನಾಯುಗಳು ಆಹಾರದ ಶಕ್ತಿಯ ಕಾಲುಭಾಗವನ್ನು ಮಾತ್ರ ಕೆಲಸವನ್ನಾಗಿ ಮಾರ್ಪಡಿಸುತ್ತವೆ. ಉಳಿದುದು ಬೆವರಿಗೆ ಕಾರಣವಾದ ಉಷ್ಣ. ಆದುದರಿಂದ ಈ ಏರಿಗೆ ಸುಮಾರು 300 ಕಿಲೋಕ್ಯಾಲರಿ, ಎಂದರೆ ಐದಾರು ಇಡ್ಲಿಗಳ ಶಕ್ತಿ, ಖರ್ಚಾಗುತ್ತದೆ.

ಇನ್ನು ರಸ್ತೆಯ ಸೈಕಲ್ಲಿಗೂ ಬೆಟ್ಟದ ಸೈಕಲ್ಲಿಗೂ ಇರುವ ಭೇದ ಟೈರಿನಲ್ಲಿಯೇ ಕಾಣುತ್ತದೆ. ಒಂದು ಚಕ್ರದ ಮೇಲೆ 40 ಕಿಲೋಗ್ರಾಂ ಭಾರವಿದ್ದು, ರಸ್ತೆಯ ಸೈಕಲ್ಲಿನ ಸಣ್ಣ ಟೈರಿನಲ್ಲಿ ಚದರ ಅಂಗುಲಕ್ಕೆ 90 ಪೌಂಡು ಒತ್ತಡವಿದ್ದರೆ, ಟೈರು ನೆಲವನ್ನು ಮುಟ್ಟುವುದು ಸುಮಾರು ಒಂದು ಚದರ ಅಂಗುಲದಲ್ಲಿ, ಹೆಬ್ಬೆಟ್ಟಿನ ಗುರುತಿನಷ್ಟು ಜಾಗದಲ್ಲಿ ಮಾತ್ರ. ಬೆಟ್ಟದ ಸೈಕಲ್ಲಿನ ಅಗಲ ಟೈರಿನಲ್ಲಿ ಒತ್ತಡ 25 ಪೌಂಡಿದ್ದರೆ ಆ ಜಾಗ ಮೂರೂವರೆ ಚದರ ಅಂಗುಲವಾಗುತ್ತದೆ. ನುಣುಪಾದ ಡಾಂಬರಿನ ಮೇಲೆ ಗಟ್ಟಿಯಾದ ಟೈರು ಕಡಮೆ ಬಾಗಿ ಕಡಮೆ ಶಕ್ತಿಯನ್ನು ನುಂಗುತ್ತದೆ. ಕಲ್ಲು ಮಣ್ಣಿನಲ್ಲಿ ಮೆತ್ತನೆಯ ಟೈರು ಕಲ್ಲನ್ನು ತನ್ನೊಳಕ್ಕೆ ತಗ್ಗಿಸಿಕೊಂಡು ಸಾಗುತ್ತದೆ. ಗಟ್ಟಿ ಟೈರಾದರೆ ಸವಾರನ ಸಮೇತ ಸೈಕಲ್ಲೇ ಎಗರಬೇಕು.

ವೇಗ ಹೆಚ್ಚಿದಂತೆ ಗಾಳಿಯೇ ದೊಡ್ಡ ವೈರಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ಎಂಟುಮಡಿಯಾಗುತ್ತದೆ. ಮುಂದಿನವನ ಮರೆಯಲ್ಲಿ ತುಳಿಯುವವನಿಗೆ ಶ್ರಮ ಕಡಮೆ. ಆದುದರಿಂದಲೇ ದೂರ ಹೋಗುವ ತಂಡದವರು ಸರದಿಯಂತೆ ಮುಂದಾಳುತನ ವಹಿಸುತ್ತಾರೆ. ಎದುರುಗಾಳಿಯನ್ನು ಹಂಚಿಕೊಳ್ಳುವ ಈ ಪದ್ಧತಿಯಲ್ಲಿ ಭೌತಶಾಸ್ತ್ರದ ಜೊತೆಗೆ ಸ್ನೇಹಧರ್ಮವೂ ಇದೆ.

ಇಷ್ಟು ಸರಳವಾದ ಯಂತ್ರದಲ್ಲಿ ವಿಜ್ಞಾನಕ್ಕೆ ಹೊಸದೇನಿರುತ್ತದೆಂದು ಕೇಳುವವರಿಗೆ ಒಂದು ಉದಾಹರಣೆ. ಓಡುತ್ತಿರುವ ಸೈಕಲ್ಲು ಏಕೆ ಬೀಳುವುದಿಲ್ಲ? ತಿರುಗುವ ಚಕ್ರ ಬುಗುರಿಯಂತೆ ಅದನ್ನು ಎತ್ತಿಹಿಡಿಯುತ್ತದೆಂಬ ಉತ್ತರ ಬಹುಕಾಲದಿಂದ ಪ್ರಚಾರದಲ್ಲಿತ್ತು. ಮುಂಚಕ್ರದ ಕವಲು ಓರೆಯಾಗಿರುವುದೇ ಕಾರಣವೆಂದು ಇನ್ನು ಕೆಲವರು ಹೇಳುತ್ತಿದ್ದರು. 2011ರಲ್ಲಿ ಅಮೆರಿಕ ಮತ್ತು ನೆದರ್‌ಲೆಂಡ್ಸಿನ ಸಂಶೋಧಕರು ಈ ಎರಡು ಪ್ರಭಾವಗಳನ್ನೂ ತೊಡೆದುಹಾಕಿದ ಚಿಕ್ಕ ಸೈಕಲ್ಲೊಂದನ್ನು ಕಟ್ಟಿ ತಳ್ಳಿಬಿಟ್ಟರು. ಸವಾರನಿಲ್ಲದ ಆ ಸೈಕಲ್ಲು ಆಗಲೂ ತಾನಾಗಿ ನೆಟ್ಟಗೆ ಓಡಿತು. ಯಾವ ಕಡೆಗೆ ವಾಲುತ್ತದೆಯೋ ಆ ಕಡೆಗೇ ಮುಂಚಕ್ರ ತಿರುಗಬೇಕೆಂಬುದು ಮುಖ್ಯ; ಹಾಗೆ ತಿರುಗಿಸುವ ಕಾರಣಗಳು ಹಲವು, ಅವುಗಳಲ್ಲಿ ಭಾರದ ಹಂಚಿಕೆಯೂ ಒಂದು ಎಂದು ತಿಳಿದುಬಂದಿತು. ಬಯಲಿನಲ್ಲಿ ನಿಮ್ಮ ಸೈಕಲ್ಲನ್ನು ವೇಗವಾಗಿ ತಳ್ಳಿ ಬಿಟ್ಟರೆ ಅದು ತಾನೇ ಹ್ಯಾಂಡಲು ತಿರುಗಿಸಿಕೊಂಡು ಕೆಲವು ಮಾರು ಓಡುವುದನ್ನು ನೀವೇ ಕಾಣಬಹುದು.

ಈಗ ಆಕ್ಷೇಪಣೆಗಳಿಗೆ ಬರೋಣ. ಒಳ್ಳೆಯ ಸೈಕಲ್ಲಿಗೆ ಹಣವೆಲ್ಲಿ ಎಂಬುದು ಮೊದಲನೆಯದು. ಮೇಲೆ ಹೇಳಿದ ಯಾವ ಪ್ರಯೋಗಕ್ಕೂ ಬೆಲೆಯುಳ್ಳ ಸೈಕಲ್ಲು ಬೇಕಾಗಿಲ್ಲ. ಕರ್ನಾಟಕದಲ್ಲಿ 2006-07ರಲ್ಲಿ ಆರಂಭವಾದ ಸರಕಾರದ ಯೋಜನೆಯಿಂದ ಎಂಟನೆಯ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ಲುಗಳು ದೊರೆತವು. ಅಂತಹ ಸೈಕಲ್ಲೇ ಸಾಕು. ಸ್ಪರ್ಧೆಯ ಮಾತೆತ್ತಿದರೂ, ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ ನಮ್ಮ ಸವಾರರಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ ಜಿಲ್ಲೆಗಳವರು; ಸಿರಿವಂತಿಕೆ ಅವರನ್ನು ಅಲ್ಲಿಗೆ ಒಯ್ಯಲಿಲ್ಲ.

ಓದಿಗೆ ಅಡ್ಡಿಯಾಗುತ್ತದೆಂಬುದು ಎರಡನೆಯದು. ವಾರಕ್ಕೊಂದು ಬೆಳಗು ಮೂರು ಗಂಟೆ ಸವಾರಿ ಮಾಡಿದವನು ಕಳೆದುಕೊಳ್ಳುವುದು ಮೂರು ಗಂಟೆ ಮಾತ್ರ. ಅಷ್ಟು ಹೊತ್ತನ್ನು ಕೈದೂರವಾಣಿ ಯಾವ ಪ್ರತಿಫಲವನ್ನೂ ಕೊಡದೆ ದಿನವೂ ಕಸಿದುಕೊಳ್ಳುತ್ತಿರುವಾಗ, ಈ ಆಕ್ಷೇಪಣೆಗೆ ಹೆಚ್ಚಿನ ಉತ್ತರ ಬೇಕಾಗದು.

ಹೆಣ್ಣುಮಕ್ಕಳಿಗೆ ಇದು ತಕ್ಕುದಲ್ಲವೆಂಬ ಮಾತನ್ನು ಬಾಯಿಬಿಟ್ಟು ಹೇಳುವವರು ಈಗ ಕಡಮೆ. ನಡತೆಯಲ್ಲಿ ತೋರಿಸುವವರು ಇನ್ನೂ ಇದ್ದಾರೆ. ಶಾಲೆಗೆ ಸೈಕಲ್ಲಿನಲ್ಲಿ ಹೋದ ಹುಡುಗಿಗೆ ಕಾಲೇಜು ಸೇರಿದೊಡನೆ ಅದು ಬೇಡವೆನ್ನುವ ಮನೆಗಳು ಎಷ್ಟಿಲ್ಲ! ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಅಂಗವಾಗಿ ಸಾವಿರಾರು ಮಂದಿ ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ಅಕ್ಷರದ ಜೊತೆಗೆ ಸೈಕಲ್ಲನ್ನು ಇಟ್ಟವರ ವಿವೇಕ ದೊಡ್ಡದು. ಎರಡರಿಂದಲೂ ಮನುಷ್ಯ ತನ್ನ ದಾರಿಯನ್ನು ತಾನೇ ಹಿಡಿಯಬಲ್ಲನು.

ಕೊನೆಯ ಆಕ್ಷೇಪಣೆ ಅಪಾಯದ್ದು. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ನಮ್ಮ ರಸ್ತೆಗಳಲ್ಲಿ ಲಾರಿ, ಬಸ್ಸುಗಳ ಪಕ್ಕದಲ್ಲಿ ಸೈಕಲ್ಲಿನವನ ಪ್ರಾಣ ಅಗ್ಗವಾಗಿದೆ. ತಂದೆತಾಯಿಗಳ ಭಯ ನಿಜವಾದ ಭಯ. ಸವಾರನು ತನ್ನ ಪಾಲಿನ ಎಚ್ಚರವನ್ನು ವಹಿಸಲೇಬೇಕು. ತಲೆಗೆ ಶಿರಸ್ತ್ರಾಣವಿಲ್ಲದೆ ಹೊರಡಬಾರದು. ಮಬ್ಬುಗತ್ತಲಲ್ಲಿ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಇರಬೇಕು. ಒಬ್ಬರ ಹಿಂದೊಬ್ಬರು ಸಾಗಬೇಕು. ಹೆದ್ದಾರಿಯನ್ನು ಬಿಟ್ಟು ಹಳ್ಳಿಯ ದಾರಿ, ಕೆರೆಯ ಏರಿ, ಬಂಡಿಯ ಜಾಡುಗಳನ್ನು ಆರಿಸಿಕೊಳ್ಳಬೇಕು. ಬೆಟ್ಟ, ಕಾಡುಗಳಿಗೆ ಹೋಗುವ ಮೊದಲು ಅಲ್ಲಿನ ನಿಯಮಗಳನ್ನು ಕೇಳಿ ತಿಳಿಯಬೇಕು. ಇಷ್ಟಾದರೂ ಹೊಣೆಯೆಲ್ಲ ಸವಾರನದೇ ಎಂದರೆ ಅನ್ಯಾಯವಾದೀತು. ಇಂದು ಸೈಕಲ್ಲಿನ ಸ್ವರ್ಗವೆನ್ನಿಸಿಕೊಂಡ ನೆದರ್‌ಲೆಂಡ್ಸಿನಲ್ಲಿ 1971ರ ಒಂದೇ ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ಮಕ್ಕಳ ಕೊಲೆ ನಿಲ್ಲಲಿ ಎಂದು ತಂದೆತಾಯಿಗಳು ಬೀದಿಗಿಳಿದರು. ಅವರ ಹಟದಿಂದ ಸರಕಾರ ಪ್ರತ್ಯೇಕ ಸೈಕಲ್ ಪಥಗಳ ಕಡೆಗೆ ತಿರುಗಿತು. ಆ ದೇಶಕ್ಕೆ ಒಳ್ಳೆಯ ದಾರಿಗಳು ಆಕಾಶದಿಂದ ಇಳಿದು ಬರಲಿಲ್ಲ, ಕೇಳಿ ಪಡೆದದ್ದು. ನಾವು ಮಾಡುತ್ತಿರುವುದಾದರೂ ಏನು? ದಾರಿ ಅಪಾಯವೆಂದು ಮಕ್ಕಳ ಕೈಗೆ ಸ್ಕೂಟರು ಕೊಡುತ್ತೇವೆ. ಅದರಿಂದ ದಾರಿ ಮತ್ತಷ್ಟು ಅಪಾಯವಾಗುತ್ತದೆ. ಸೈಕಲ್ಲನ್ನು ಬಲ್ಲ, ಬಯಸುವ ತರುಣರೇ ಇಲ್ಲದ ಊರಿನಲ್ಲಿ ಸೈಕಲ್ ಪಥ ಬೇಕೆಂದು ಕೇಳುವವರು ಯಾರು?

ಮೋಟಾರು ವಾಹನವನ್ನು ನಾವು ದೂಷಿಸುವುದಿಲ್ಲ. ಅವಸರದ ಕೆಲಸಕ್ಕೆ, ದೂರದ ಪಯಣಕ್ಕೆ ಅದು ಬೇಕು. ಸಮತಲದಲ್ಲಿ ಅಷ್ಟೇ ದೂರವನ್ನು ನಡೆದು ಸಾಗಲು ಬೇಕಾಗುವ ಶಕ್ತಿಯ ಸುಮಾರು ಐದನೆಯ ಒಂದು ಪಾಲಿನಲ್ಲಿ ನಮ್ಮನ್ನು ಒಯ್ಯಬಲ್ಲ ಯಂತ್ರ ಕೈಯಲ್ಲಿರುವಾಗ, ಅದನ್ನು ಚಿಕ್ಕಂದಿನ ಅಂಗಿಯಂತೆ ಬಿಸುಡಬೇಡಿರೆಂದು ಮಾತ್ರ ನಮ್ಮ ಪ್ರಾರ್ಥನೆ.

ಆರಂಭಿಸುವುದು ಕಷ್ಟವಲ್ಲ. ಒಂದು ಶನಿವಾರ ಸಂಜೆ ಚೈನನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಿರಿ. ಒಂದು ಪಂಕ್ಚರನ್ನು ನಿಮ್ಮ ಕೈಯಿಂದಲೇ ಮುಚ್ಚಿರಿ. ಸಣ್ಣ ಇಳಿಜಾರಿನ ಮೇಲಿನಿಂದ ಪೆಡಲು ತುಳಿಯದೆ ಇಳಿದು ಎಲ್ಲಿ ನಿಲ್ಲುತ್ತೀರೆಂದು ಗುರುತು ಹಾಕಿ, ಟೈರಿನ ಗಾಳಿಯನ್ನು ತುಸು ಕಡಮೆ ಮಾಡಿ ಮತ್ತೆ ಇಳಿದು ನೋಡಿರಿ. ಎರಡು ಗುರುತುಗಳ ನಡುವಣ ಅಂತರ ಘರ್ಷಣೆಯ ಪಾಠವನ್ನು ಹೇಳುತ್ತದೆ. ಊರ ಬಳಿಯ ಒಂದೇ ಏರನ್ನು ತಿಂಗಳಿಗೊಮ್ಮೆ ಹತ್ತಿ, ಹಿಡಿದ ಕಾಲವನ್ನೂ ಹತ್ತಿದ ಕೂಡಲೆ ನಾಡಿಯ ಬಡಿತವನ್ನೂ ಪುಸ್ತಕದಲ್ಲಿ ಬರೆದಿಡಿರಿ. ಆರು ತಿಂಗಳ ಬಳಿಕ ಆ ಪುಸ್ತಕವನ್ನು ತೆರೆದರೆ, ನಿಮ್ಮ ಹೃದಯವೆಂಬ ಪಂಪು ಹೇಗೆ ಸುಧಾರಿಸಿತೆಂಬುದನ್ನು ನಿಮ್ಮ ಅಂಕೆಗಳೇ ಹೇಳುತ್ತವೆ. ಐದಾರು ಮಂದಿ ಗೆಳೆಯರು ಸೇರಿದರೆ ಒಂದು ಪಂಪು, ಒಂದು ಜೊತೆ ಸ್ಪ್ಯಾನರು ಎಲ್ಲರಿಗೂ ಸಾಕು. ಅದೇ ಒಂದು ಸಂಘ.

ಹಿತ್ತಲ ಗೋಡೆಗೆ ಒರಗಿರುವ ಸೈಕಲ್ಲಿನ ಟೈರು ಇನ್ನೂ ಬಿರಿದಿಲ್ಲವಾದರೆ, ಗುಜರಿಯವನು ಬರುವ ಮೊದಲು ಅದನ್ನು ಅಂಗಳಕ್ಕೆ ತನ್ನಿರಿ. ಗಾಳಿ ಹಾಕಿ, ಬ್ರೇಕು ನೋಡಿಕೊಂಡು, ಮುಂದಿನ ಭಾನುವಾರ ಬೆಳಗ್ಗೆ ಹೊರಡಿರಿ. ಇಳಿಜಾರಿನಲ್ಲಿ ಮಾತ್ರ ನಾವು ಮಾಡಿದ ತಪ್ಪನ್ನು ಮಾಡಬೇಡಿರಿ.